ತುಂಬಿದ ಬಾಟಲಿ

ಬೆಳಿಗ್ಗೆ ಐದೂಕಾಲಿಗೆ ಕರಾಟೆ ಕಲಿಸುವ ನರಸಿಂಹಮೂರ್ತಿಯ ಸಂದೇಶ ಬಂತು. ಹುಟ್ಟುವ ಸೂರ್ಯ, ಅದರ ಮುಂದೆ ಕಾಲೆತ್ತಿ ಒದೆಯುತ್ತಿರುವ ಒಬ್ಬನ ಕಪ್ಪು ಆಕೃತಿ, ಕೆಳಗೆ ತೆಲುಗಿನಲ್ಲಿ ನಿನ್ನೆಯ ನಿನ್ನನ್ನು ಇವತ್ತು ಸೋಲಿಸು ಎಂಬರ್ಥದ ಒಂದು ಸಾಲು, ಅದರಡಿಗೆ ಕನ್ನಡದಲ್ಲಿ, ಇಂದುಧರನೊಬ್ಬನಿಗೇ ಎಂಬಂತೆ: 'ಎದ್ದ ತಕ್ಷಣ ಎರಡು ಲೋಟ ನೀರು. ಮರೀಬೇಡಿ ಸಾರ್.' ಇಂದುಧರ ಹಲ್ಲು ಕಚ್ಚಿದ. ಹಾವೇರಿ ಕಡೆಯ ಶಾಖೆಗಳಲ್ಲಿ ಹದಿನೈದು ವರ್ಷ ಕ್ಯಾಷಿಯರಾಗಿ, ಪ್ರಮೋಷನ್ ತೆಗೆದುಕೊಂಡು ಆಂಧ್ರಕ್ಕೆ ಬಂದು ಐದು ವರ್ಷವಾದ ಬ್ಯಾಂಕ್ ಆಫೀಸರ್ ತಾನು. ನಲವತ್ತೇಳು ವಯಸ್ಸು. ನೀರು ಕುಡಿ ಎಂದು ಹೇಳಿಸಿಕೊಳ್ಳುವ ಗತಿ ಬಂತಲ್ಲ ಎಂದು ಮೈ ಉರಿಯಿತು. ಕರಾಟೆ ತರಗತಿಯ ಗುಂಪಿನ ಉಳಿದವರು ಆಗಲೇ ಬೆಂಕಿಯ ಚಿತ್ರ, ಮುಷ್ಟಿಯ ಚಿತ್ರ ಹಾಕತೊಡಗಿದ್ದರು. ಅವರಿಗೆಲ್ಲ ಇಂಥದರಿಂದ ಹುರುಪು ಬರುತ್ತದಂತೆ. ಬರಲಿ. ಇಂದುಧರನ ಹುರುಪು ಬೇರೆ ಕಡೆ ಇತ್ತು. ಫೋನಿನೊಳಗೆ, ಗ್ಯಾಸ್ ಪುಸ್ತಕದ ಫೋಟೋಕ್ಕೂ ಮಗಳ ಆಧಾರ್ ಕಾರ್ಡಿಗೂ ಮಧ್ಯೆ, ಒಬ್ಬ ಹುಡುಗನ ಪಾಸ್‌ಪೋರ್ಟ್ ಅಳತೆಯ ಫೋಟೋ ಇತ್ತು. ಕೃಷ್ಣಚೈತನ್ಯ. ಖಾತೆ ತೆರೆಯುವಾಗ ಕೊಟ್ಟದ್ದು, ಆಗ ಇಪ್ಪತ್ತೋ ಇಪ್ಪತ್ತೊಂದೋ ಇರಬೇಕು. ಎಣ್ಣೆ ಹಚ್ಚಿ ತಲೆ ಬಾಚಿದ್ದಾನೆ, ತುಟಿಯ ಒಂದು ತುದಿ ನಗುತ್ತಿದೆ. ಈ ಊರಿಗೆ ವರ್ಗವಾದಾಗ, ವಿಜಯವಾಡದ ಶಾಖೆಯ ಕೊನೆಯ ದಿನ, ಕಂಪ್ಯೂಟರಿನ ಪರದೆಯಿಂದ ಅದನ್ನು ಫೋನಿಗೆ ಹಿಡಿದುಕೊಂಡಿದ್ದ. ಗೊತ್ತಾದರೆ ಕೆಲಸ ಹೋಗುವಂಥ ತಪ್ಪು. ಅವನ ಹುಟ್ಟಿದ ದಿನ, ತಾಯಿಯ ಹೆಸರು, ಗವರ್ನರ್‌ಪೇಟೆಯಲ್ಲಿ ಅವನ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯ ವಿಳಾಸ ಎಲ್ಲವೂ ಬಾಯಿಪಾಠವಾಗಿತ್ತು. ಎರಡು ನಿಮಿಷ ಆ ತುಟಿಯ ತುದಿಯನ್ನು ನೋಡಿದರೆ ಹೊಟ್ಟೆಯಲ್ಲಿ ಕಾವೇಳುತ್ತಿತ್ತು. ಆ ಕಾವಿಗೇ ಹತ್ತು ವಾರದಿಂದ ಪ್ರತಿ ಭಾನುವಾರ ಎದ್ದು ಕೂರುತ್ತಿದ್ದ.

ಈ ಭಾನುವಾರ ಬೇರೆ. ನಾಳೆ ಬೆಳಗಿನ ರೈಲಿಗೆ ವಿಜಯವಾಡಕ್ಕೆ ಟಿಕೆಟ್ ಆಗಿತ್ತು. ಬ್ಯಾಂಕಿನದೇ ಎರಡು ದಿನದ ಟ್ರೇನಿಂಗು, ತಾನಾಗಿ ಕೇಳಿದ್ದಲ್ಲ, ತಾನಾಗಿಯೇ ಬಂದು ಬಿದ್ದದ್ದು. ಮಂಗಳವಾರ ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಆಟೋ ಹಿಡಿದರೆ ಹತ್ತು ನಿಮಿಷ. ಅಂಗಡಿಯ ಮೆಟ್ಟಿಲು ಹತ್ತುವುದು, ಹೆಸರು ಹಿಡಿದು ಕರೆಯುವುದು, ಅವನು ಎದುರು ಬಂದು ಗುರುತು ಹಿಡಿಯುವ ತನಕ ಕಾಯುವುದು. ಗುರುತು ಹಿಡಿದ ಮೇಲೆ ಒಂದೇ ಏಟು. ಆಮೇಲೆ ಏನಾಗುತ್ತದೆ ಎಂದು ಇಂದುಧರ ಯೋಚಿಸಿರಲಿಲ್ಲ. ಪೊಲೀಸು, ಸಸ್ಪೆನ್ಷನ್ ಎಲ್ಲ ಆ ಏಟಿನ ಆಚೆ ಕಡೆ ಮಸುಕಾಗಿದ್ದವು. ಸ್ಪಷ್ಟವಾಗಿದ್ದದ್ದು ಮನೆಗೆ ಮರಳುವುದು ಮಾತ್ರ. ಲಾವಣ್ಯಾ ಬಾಗಿಲು ತೆಗೆಯುತ್ತಾಳೆ, ತಾನು ಚೀಲ ಕೆಳಗಿಟ್ಟು, ಹೋಗಿ ಬಂದೆ ಅನ್ನುತ್ತೇನೆ. ಅವಳಿಗೆ ಅರ್ಥವಾಗುತ್ತದೆ. ಏಪ್ರಿಲಿನಿಂದ ಅಪ್ಪನ ಮುಖ ನೋಡಿ ಮಾತಾಡದ ಹುಡುಗಿ ಆವತ್ತು ನೋಡುತ್ತಾಳೆ. ಇಷ್ಟೇ ಅವನಿಗೆ ಬೇಕಾಗಿದ್ದದ್ದು, ಇದಕ್ಕೋಸ್ಕರ ಮೂರೂ ಬಿಟ್ಟವರ ಹಾಗೆ ಎಂಟು ವರ್ಷದ ಮಕ್ಕಳ ಜೊತೆ ನಿಂತು ಕೈಕಾಲು ಆಡಿಸುತ್ತಿದ್ದ.

ಅಡುಗೆಮನೆಯಲ್ಲಿ ಸುಮಿತ್ರಾ ಸ್ಟೀಲಿನ ಬಾಟಲಿಗೆ ನೀರು ತುಂಬುತ್ತಿದ್ದಳು. ಲೀಟರಿನ ಬಾಟಲಿ, ಮೈಮೇಲೆ ಬಿಳಿ ಪಟ್ಟಿ ಅಂಟಿಸಿ ಇಂದುಧರ ಎಂದು ತೆಲುಗಿನಲ್ಲಿ ಬರೆದದ್ದು. ಬರೆದವಳು ಲಾವಣ್ಯಾ, ಒಂಬತ್ತನೇ ಕ್ಲಾಸಿನ ಅವಳಿಗೆ ಕನ್ನಡ ಓದಲು ಬರುತ್ತದೆ, ಬರೆಯಲು ಕೈ ತಡವರಿಸುತ್ತದೆ. "ಇವತ್ತರ ಪೂರಾ ಕುಡದ ಬರ್ರಿ," ಎಂದಳು ಸುಮಿತ್ರಾ, "ಡಾಕ್ಟರ್ ಏನ್ ಹೇಳ್ಯಾರ? ಕಿಡ್ನ್ಯಾಗ ಹರಳ ಕುಂತಾವು, ಮತ್ತ ಬೆಳದ್ರ ಕೊಯ್ಬೇಕು ಅಂದಾರಿಲ್ಲೋ?"

"ಕುಡೀತೇನಿ."

"ಕುಡೀತೇನಿ ಅಂತೀರಿ. ಕರಿಬೇವಿನ ಗಿಡ ಮಾತ್ರ ಭಾಳ ಚಲೋ ಬಂದೈತಿ ನೋಡ್ರಿ ಈ ಸಲ."

ಇಂದುಧರ ಅವಳ ಮುಖ ನೋಡಿದ. ಅವಳು ಒಲೆಯ ಕಡೆ ತಿರುಗಿಕೊಂಡಳು. ಹತ್ತು ವಾರದಿಂದ ತುಂಬಿದ ಬಾಟಲಿಯನ್ನು ತುಂಬಿದಂತೆಯೇ ತಂದು ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಬಗ್ಗಿಸುವುದು ಇವಳಿಗೆ ಗೊತ್ತು, ಗೊತ್ತಿದ್ದೂ ಪ್ರತಿ ವಾರ ತುಂಬಿಸಿ ಕೊಡುತ್ತಾಳೆ ಎಂದರೆ ಇದು ಕಾಳಜಿಯೋ ಚೇಷ್ಟೆಯೋ. ಹೆಂಡತಿಯ ಮೇಲೆ ಸಿಟ್ಟು ಬಂತು. ಕ್ಯಾಷಿನಲ್ಲಿ ಕೂತವರ ಕಷ್ಟ ಇವಳಿಗೇನು ಗೊತ್ತು? ಹತ್ತಕ್ಕೆ ಕ್ಯಾಷ್ ಕೌಂಟರಿನ ಪಂಜರದೊಳಗೆ ಹೋಗಿ ಚಿಲಕ ಹಾಕಿಕೊಂಡರೆ ಊಟದ ಹೊತ್ತಿನವರೆಗೆ ಏಳುವ ಹಾಗಿಲ್ಲ. ಏಳಬೇಕಾದರೆ ಎಲ್ಲ ಎಣಿಸಿ, ಬೀಗ ಹಾಕಿ, ಇನ್ನೊಬ್ಬನನ್ನು ಕರೆದು ಏಳಬೇಕು, ಅಷ್ಟರಲ್ಲಿ ಸಾಲಿನಲ್ಲಿ ನಿಂತವರು ಬಾಯಿಗೆ ಬಂದದ್ದು ಅನ್ನುತ್ತಾರೆ. ಆದ್ದರಿಂದ ಕುಡಿಯಬಾರದು. ಬ್ಯಾಡಗಿಯಲ್ಲಿ ಅವನಿಗೆ ಕೆಲಸ ಕಲಿಸಿದ ಹಿರಿಯ ಕ್ಯಾಷಿಯರ್ ಮೊದಲನೇ ದಿನ ಕಲಿಸಿದ್ದೇ ಇದನ್ನು: ಬಾಟಲಿ ತರಬೇಕು, ಕಾಲ ಬಳಿ ಇಟ್ಟುಕೊಳ್ಳಬೇಕು, ಮುಟ್ಟಬಾರದು, ನೀರು ಇದೆ ಅನ್ನುವ ಧೈರ್ಯಕ್ಕೆ ಬಾಯಾರಿಕೆ ಆಗುವುದಿಲ್ಲ. ಹೌದು, ಆಗುವುದಿಲ್ಲ. ಹದಿನೈದು ವರ್ಷ ಬೇಸಿಗೆಯಲ್ಲಿ, ಮೆಣಸಿನಕಾಯಿ ಸೀಜನ್ನಿನಲ್ಲಿ, ಘಾಟಿಗೆ ಕಣ್ಣು ಮೂಗು ಸುರಿಯುವಾಗಲೂ ಅವನು ಬಾಯಿ ಒದ್ದೆ ಮಾಡಿಕೊಂಡಿರಲಿಲ್ಲ. ಅದರ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಎಲ್ಲರಿಗೂ ಏನಾದರೂ ಒಂದು ಹೆಮ್ಮೆ ಇರುತ್ತದೆ, ಇವನಿಗೆ ಇದು.

ಸ್ಕೂಟರಿನ ಹಿಂದೆ ಕೂತ ಲಾವಣ್ಯಾ ಅಪ್ಪನ ಸೊಂಟ ಹಿಡಿಯಲಿಲ್ಲ, ಹಿಂದಿನ ಕಂಬಿ ಹಿಡಿದಿದ್ದಳು. ಏಪ್ರಿಲಿಗೆ ಮುಂಚೆ ಹಿಡಿಯುತ್ತಿದ್ದಳೋ ಇಲ್ಲವೋ ನೆನಪಾಗಲಿಲ್ಲ. ಹಿಡಿಯುತ್ತಿದ್ದಳು ಎಂದೇ ಅವನು ತೀರ್ಮಾನ ಮಾಡಿಕೊಂಡಿದ್ದ. ಆಗಸ್ಟಿನ ಕೊನೆ, ಮಳೆ ಬರುವುದೂ ಇಲ್ಲ ಬಿಡುವುದೂ ಇಲ್ಲ, ಗಾಳಿ ಹಿಂಡಿದರೆ ನೀರು ಬರುವ ಹಾಗಿತ್ತು. ಆರೂವರೆಗೇ ಅಂಗಿಯ ಬೆನ್ನು ಒದ್ದೆ. ಒದ್ದೆ ಅಂಗಿ ಬೆನ್ನಿಗೆ ಅಂಟಿದರೆ ಸಾಕು, ಅವನು ಮನಸ್ಸಿನಲ್ಲೇ ಏಪ್ರಿಲಿನ ಆ ಬಾಗಿಲ ಬಳಿ ಹೋಗಿ ನಿಂತುಬಿಡುತ್ತಾನೆ. ವಿಜಯವಾಡ, ಮಧ್ಯಾಹ್ನ ಎರಡು, ಶಾಖೆಯ ಷಟರು ಅರ್ಧ ಇಳಿದಿದೆ. ಶಾಲೆಗಳು ಆಗ ಬೆಳಗಿನ ಹೊತ್ತು ಮಾತ್ರ. ಲಾವಣ್ಯಾ ಹನ್ನೆರಡೂವರೆಗೆ ಬಿಟ್ಟವಳು ಬ್ಯಾಂಕಿಗೆ ಬಂದು ಒಳಗೆ ಒಂದು ಸ್ಟೂಲಿನ ಮೇಲೆ ಕೂತಿದ್ದು, ಊಟದ ಹೊತ್ತಿಗೆ ಅಪ್ಪನ ಜೊತೆ ಮನೆಗೆ ಹೋಗುವುದು ರೂಢಿ. ಅವತ್ತೂ ಬಗ್ಗಿ ಷಟರು ದಾಟಿ ಹೊರಗೆ ಬಂದರೆ ಕೃಷ್ಣಚೈತನ್ಯ ನಿಂತಿದ್ದ. ಫೋಟೋದವನಿಗಿಂತ ಹದಿನೈದು ವರ್ಷ ದೊಡ್ಡವನು, ಹೊಟ್ಟೆ ಬಂದಿತ್ತು, ತುಟಿಯ ತುದಿ ಮಾತ್ರ ಅದೇ. ಬೈಯಲಿಲ್ಲ, ಕೊರಳಪಟ್ಟಿ ಹಿಡಿಯಲಿಲ್ಲ. ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ, ಇಂದುಧರನ ನೆತ್ತಿಯ ಮೇಲೆ ಹಿಡಿದು, ನಿಧಾನವಾಗಿ, ಗಿಡಕ್ಕೆ ಹಾಕುವವರ ಹಾಗೆ ಸುರಿದ. "ತಾಗಂಡಿ ಸಾರ್," ಎಂದ. ಕುಡಿಯಿರಿ ಎಂದು, ಮರ್ಯಾದೆಯ ಮಾತಿನಲ್ಲೇ. "ತಾಗಂಡಿ." ಬಾಟಲಿ ಖಾಲಿಯಾಗುವಾಗಿನ ಗುಳುಗುಳು ಸದ್ದು ಕಿವಿಯ ಪಕ್ಕದಲ್ಲೇ ಆಯಿತು. ಎಳನೀರಿನ ಗಾಡಿಯವನು ನೋಡಿದ, ಸೆಕ್ಯುರಿಟಿಯವನು ನೋಡಿದ, ಚೀಲ ಎದೆಗವಚಿಕೊಂಡು ಲಾವಣ್ಯಾ ನೋಡಿದಳು. ಇಂದುಧರ ಎರಡೂ ಕೈ ಜೋಡಿಸಿದ. "ಸಾರಿ ಅಂಡಿ," ಎಂದ. ನೀರು ಸುರಿದವನಿಗೆ ಅಂಡಿ, ರೀ ಎಂಬ ಮರ್ಯಾದೆ! ಐದು ತಿಂಗಳಾದರೂ ಆ ಒಂದು ಅಂಡಿಯನ್ನು ನುಂಗಲು ಆಗಿರಲಿಲ್ಲ. ತೆಲುಗಿನಲ್ಲಿ ಅವನಿಗೆ ಚೆನ್ನಾಗಿ ಬರುತ್ತಿದ್ದದ್ದು ಅದೊಂದೇ, ಅದು ಸರಿಯಾಗಿ ಆ ಹೊತ್ತಿಗೆ ಬಾಯಿಗೆ ಬಂತು.

ತರಗತಿ ನಡೆಯುವ ಪೆಂಡುರ್ತಿಯ ಫಂಕ್ಷನ್ ಹಾಲಿನಲ್ಲಿ ಹಿಂದಿನ ದಿನ ಮದುವೆ ಆಗಿತ್ತು. ವೇದಿಕೆಯ ಮೇಲೆ ಥರ್ಮಕೋಲಿನ ಅಕ್ಷರಗಳಲ್ಲಿ ಅಮೂಲ್ಯಾ ಎಂದು ಅರ್ಧ ಉಳಿದಿತ್ತು, ಮದುಮಗನ ಹೆಸರನ್ನು ಯಾರೋ ಕಿತ್ತಿದ್ದರು. ನೆಲದ ಮೇಲೆ ಅಕ್ಷತೆ ಕಾಳು, ಬರಿಗಾಲಿಗೆ ಚುಚ್ಚುತ್ತಿತ್ತು. ನರಸಿಂಹಮೂರ್ತಿ ತಿಪಟೂರು ಕಡೆಯವರು, ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ಹಡಗಿನಲ್ಲಿದ್ದು ನಿವೃತ್ತರಾಗಿ ಇಲ್ಲೇ ಮನೆ ಮಾಡಿಕೊಂಡವರು. ಆರಡಿ ಆಳು, ಯಾವಾಗಲೂ ಖುಷಿಯಲ್ಲಿರುತ್ತಾರೆ. ಇಂದುಧರನಿಗೆ ಸೇರದೆ ಇದ್ದದ್ದೇ ಆ ಖುಷಿ. ಹಡಗಿನ ಇಂಜಿನ್ ಕೋಣೆಯಲ್ಲಿ ಜನ ನೀರು ಕುಡಿಯದೆ ಬಿದ್ದದ್ದನ್ನು ಕಂಡಿದ್ದರಂತೆ, ಅದಕ್ಕೇ ಅವರ ತರಗತಿಯಲ್ಲಿ ಮೊದಲು ನೀರಿನ ಹಾಜರಿ, ಆಮೇಲೆ ಮನುಷ್ಯರ ಹಾಜರಿ. ಬಾಟಲಿಗಳು ಗೋಡೆಯ ಕೆಳಗೆ ಬೆಲ್ಟಿನ ಕ್ರಮದಲ್ಲಿ ನಿಲ್ಲಬೇಕು. ಲಾವಣ್ಯಾಳ ಬಾಟಲಿ ಮೊದಲನೆಯದು, ಇಂದುಧರನದು ಹದಿನೇಳನೆಯದು, ಎಂಟು ವರ್ಷದ ವರುಣನ ಬಾಟಲಿಯ ಆಚೆ.

"ಬೆಳಗ್ಗೆ ಒಂದಕ್ಕೆ ಹೋದಾಗ ಬಣ್ಣ ಹೆಂಗಿತ್ತು?" ಮೂರ್ತಿ ತೆಲುಗಿನಲ್ಲಿ ಕೂಗಿ ಕೇಳಿದರು. ಮಕ್ಕಳು ಒಬ್ಬೊಬ್ಬರೇ ಬಿಳಿ, ಬಿಳಿ, ಬಿಳಿ ಎಂದು ಕೂಗಿದವು. ಮೂರ್ತಿ ಇಂದುಧರನ ಮುಂದೆ ಬಂದು ಕನ್ನಡಕ್ಕೆ ತಿರುಗಿದರು. ಇದು ಉಪಕಾರ ಎಂದು ಅವರ ಭಾವನೆ. "ತಮ್ಮದು ಸಾರ್?"

"ಬಿಳಿ."

"ಎಷ್ಟು ಕುಡಿದ್ರಿ?"

"ಎರಡು ಲೋಟ."

"ಎಲ್ಲಿ, ನಾಲಿಗೆ ತೋರ್ಸಿ?"

ಒಬ್ಬ ಬ್ಯಾಂಕ್ ಆಫೀಸರ್ ಹದಿನಾರು ಮಕ್ಕಳ ಎದುರು ನಾಲಿಗೆ ಚಾಚಿದ. ಮೂರ್ತಿ ಬಗ್ಗಿ ನೋಡಿ, ಬೆನ್ನು ತಟ್ಟಿ ಮುಂದೆ ಹೋದರು. ವರುಣ್ ಕಿಸಕ್ಕನೆ ನಕ್ಕ. ಸುಳ್ಳು ಹಿಡಿದೂ ಬಯ್ಯದೆ ಬಿಡುವವರ ಮೇಲೆ ಬರುವಷ್ಟು ಸಿಟ್ಟು ಬಯ್ಯುವವರ ಮೇಲೆ ಬರುವುದಿಲ್ಲ. ಇಂದುಧರ ಮನಸ್ಸಿನಲ್ಲೇ ಮೂರ್ತಿಯ ಆರೋಗ್ಯವಂತ ಗಂಟಲನ್ನು ಒಂದು ಸಲ ಹಿಚುಕಿದ.

ಆಮೇಲೆ ವಂದನೆ. ಹಾಲಿನೊಳಗೆ ಅಪ್ಪ ಇಲ್ಲ, ಮಗಳು ಇಲ್ಲ, ಬೆಲ್ಟು ಮಾತ್ರ ಎಂದು ಮೂರ್ತಿ ಮೊದಲನೇ ದಿನವೇ ಹೇಳಿದ್ದರು. ಲಾವಣ್ಯಾ ವಿಜಯವಾಡದಲ್ಲೇ ಕಲಿತು ಬಂದ ಕಂದು ಬೆಲ್ಟು, ಸಾಲಿನ ಮೊದಲಲ್ಲಿ ನಿಲ್ಲುವವಳು. ಹೊಸಬರೆಲ್ಲ ಎದುರು ಹೋಗಿ ಸೊಂಟ ಬಗ್ಗಿಸಿ ವಂದಿಸಬೇಕು, ಅವಳು ಅರ್ಧ ಬಗ್ಗಿ ಸ್ವೀಕರಿಸುತ್ತಾಳೆ. ಕಿರಿಯರಿಗೆ ಏಕವಚನ ಸಲ್ಲ, ಅದೂ ನಿಯಮ, ಆದ್ದರಿಂದ ಅವಳು ಎಂಟು ವರ್ಷದವರಿಗೂ ಅಂಡಿ ಹಚ್ಚಿ ಮಾತಾಡುತ್ತಾಳೆ. ಮನೆಯಲ್ಲಿ ನೀನು ಎನ್ನುವ ಮಗಳು ಇಲ್ಲಿ ಅಪ್ಪನಿಗೆ ತೆಲುಗಿನಲ್ಲಿ ರಂಡಿ, ನಿಲಬಡಂಡಿ ಎನ್ನುತ್ತಾಳೆ, ಬನ್ನಿ, ನಿಂತುಕೊಳ್ಳಿ. ಇಂದುಧರ ಬಗ್ಗಿದ. ಬಗ್ಗಿದಾಗ ಕಂಡದ್ದು ಅವಳ ಪಾದ, ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಯಾವಾಗ ಪೆಟ್ಟಾಯಿತು, ಮನೆಯಲ್ಲಿ ಹೇಳಲಿಲ್ಲವಲ್ಲ ಎಂದುಕೊಂಡು ಮೇಲೆ ನೋಡಿದರೆ ಅವಳು ಅವನ ಭುಜದ ಆಚೆ ಗೋಡೆಯನ್ನು ನೋಡುತ್ತಿದ್ದಳು. ಮುಖ ನೋಡುವುದಿಲ್ಲ. ನಾಚಿಕೆ. ಕೈ ಜೋಡಿಸಿದ ಅಪ್ಪನ ಮಗಳು ಅನ್ನುವ ನಾಚಿಕೆ. ಇರು, ಮಂಗಳವಾರ ಆಗಲಿ ಎಂದು ಅವನು ಹಲ್ಲಿನೊಳಗೆ ಹೇಳಿಕೊಂಡ.

ವರಸೆ ಒಂದೇ, ಹತ್ತು ವಾರದಿಂದ ಅದೇ. ತಲೆಯ ಮೇಲೆ ಬೀಳುವ ಏಟನ್ನು ಮುಂಗೈಯಿಂದ ಮೇಲೆತ್ತಿ ತಳ್ಳುವುದು. ಮಕ್ಕಳು ಅದನ್ನು ಮೂರು ವಾರಕ್ಕೆ ಕಲಿತು ಮುಂದೆ ಹೋಗಿದ್ದವು. ಇಂದುಧರನ ಕೈ ಪ್ರತಿ ಸಲ ಒಂದು ಕ್ಷಣ ತಡವಾಗಿ ಏಳುತ್ತಿತ್ತು, ಎದ್ದಾಗಲೂ ಇನ್ನೊಂದು ಕೈ ಅದರ ಪಕ್ಕಕ್ಕೆ ಬರಲು ಹವಣಿಸುತ್ತಿತ್ತು. "ಜೋಡ್ಸಬೇಡಿ ಸಾರ್, ಜೋಡ್ಸಬೇಡಿ, ಒಂದೇ ಕೈ," ಎಂದು ಮೂರ್ತಿ ಪ್ರತಿ ವಾರ ಹೇಳುತ್ತಿದ್ದರು. ಪಾಪ ಅವರಿಗೇನು ಗೊತ್ತು. ಇಂದುಧರ ಎತ್ತಿದ, ಇಳಿಸಿದ, ಎತ್ತಿದ. ಎತ್ತಿದಾಗಲೆಲ್ಲ ಎದುರಿಗೆ ಆ ಫೋಟೋದ ಮುಖವನ್ನು ತಂದುಕೊಂಡ. ನಲವತ್ತನೇ ಎಣಿಕೆಯ ಹೊತ್ತಿಗೆ ಫೋಟೋದ ಮುಖ ಕರಗಿ, ಬೇಡದ ಇನ್ನೊಂದು ಮುಖ ಬಂತು. ಇದು ಹೀಗೇ, ಸುಸ್ತಾದಾಗ ಬರುತ್ತದೆ, ಅದಕ್ಕೇ ಅವನಿಗೆ ಸುಸ್ತಾಗುವುದು ಇಷ್ಟವಿಲ್ಲ. ಮುದುಕನ ಮುಖ. ಕೃಷ್ಣಚೈತನ್ಯ ಬರುವುದಕ್ಕೆ ಎರಡು ದಿನ ಮುಂಚೆ, ಅದೇ ಶಾಖೆಯಲ್ಲಿ, ಪೆನ್ಷನ್ನಿನ ಸಾಲಿನಲ್ಲಿ ಒಂದು ಗಂಟೆ ನಿಂತು ಗಾಜಿನ ಹತ್ತಿರ ಬಂದ ಮುದುಕ. ಆ ವಾರ ಕ್ಯಾಷಿಯರ್ ರಜೆ, ಇಂದುಧರನನ್ನೇ ಪಂಜರದಲ್ಲಿ ಕೂರಿಸಿದ್ದರು. ಮುದುಕ ಚೀಟಿ ಒಳಗೆ ತಳ್ಳಲಿಲ್ಲ. ಗಾಜಿನ ಕಿಂಡಿಗೆ ಬಾಯಿ ತಂದು, "ಬಾಬೂ, ಕೊಂಚೆಂ ನೀಳ್ಳು," ಎಂದ. ಸ್ವಲ್ಪ ನೀರು. ಹೊರಗಿನ ನೀರಿನ ಕ್ಯಾನು ಬೆಳಿಗ್ಗೆಯೇ ಖಾಲಿಯಾಗಿತ್ತು, ಅದು ನಿಜ. ಅಯಿಪೋಯಿಂದಿ, ಮುಗಿದುಹೋಗಿದೆ ಎಂದು ಇಂದುಧರ ಹೇಳಿದ, ಅದೂ ಸುಳ್ಳಲ್ಲ. ಏಳುವ ಹಾಗಿಲ್ಲ, ಅದು ನಿಯಮ. ಮುದುಕ ಪಕ್ಕಕ್ಕೆ ಸರಿದು, ಗೋಡೆ ಹಿಡಿದು, ಗೋಡೆ ಸಿಗದೆ ಬಿದ್ದ. ಬಿದ್ದ ಅಷ್ಟೇ. ಸಾಯಲಿಲ್ಲ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ: ಅರ್ಧ ಗಂಟೆಯಲ್ಲಿ ಎದ್ದು ಕೂತು ನನ್ನ ಟೋಕನ್ ಎಷ್ಟು ಎಂದು ಕೇಳಿದ, ಹಣೆಯ ಮೇಲೆ ಮೂರು ಹೊಲಿಗೆ, ಅಷ್ಟೇ. ಮೂರು ಹೊಲಿಗೆಗೆ ಒಂದು ಲೀಟರ್ ನೀರು ತಲೆಯ ಮೇಲೆ! ಇದು ಯಾವ ನ್ಯಾಯ? ಐವತ್ತೊಂದು, ಐವತ್ತೆರಡು. ಕೈ ಎತ್ತಿದ, ಇಳಿಸಿದ.

ಆದರೆ ಬಾಟಲಿ ಇತ್ತು. ಕಾಲ ಬಳಿ. ತುಂಬಿದ್ದು. ಬ್ಯಾಡಗಿಯ ಹಿರಿಯರು ಕಲಿಸಿದಂತೆ ತಂದಿಟ್ಟುಕೊಂಡು ಮುಟ್ಟದೆ ಇದ್ದ ಒಂದು ಲೀಟರು. ಕಿಂಡಿಯಲ್ಲಿ ತಳ್ಳಿದ್ದರೆ ಬಾಟಲಿ ಹೊರಗೆ ದಾಟುತ್ತಿತ್ತು. ನೋಟಿನ ಕಟ್ಟುಗಳೇ ದಾಟುತ್ತವೆ. ಇದು ಹೊಳೆಯಲಿಲ್ಲವೇ? ಹೊಳೆಯಿತು. ಹೊಳೆದು, ಒಬ್ಬನಿಗೆ ಕೊಟ್ಟರೆ ಸಾಲಿನವರೆಲ್ಲ ಕೇಳುತ್ತಾರೆ ಅನ್ನಿಸಿತು. ಇಲ್ಲ, ಅದೂ ಅಲ್ಲ. ತಾನು ಹದಿನೈದು ವರ್ಷ ಒಣಗಿದ ಬಾಯಲ್ಲಿ ಕೂತಿದ್ದೇನೆ, ಇವನು ಒಂದು ಗಂಟೆ ನಿಂತದ್ದಕ್ಕೆ ಕೇಳುತ್ತಿದ್ದಾನಲ್ಲ ಎಂದು ರೇಗಿತು. ಹೌದು, ಅಷ್ಟೇ. ಆ ಮುದುಕನ ಒಣಗಿದ ತುಟಿ ನೋಡಿ ಇಂದುಧರನಿಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಒಳಗೆ ಸ್ಟೂಲಿನ ಮೇಲಿದ್ದ ಲಾವಣ್ಯಾ ತನ್ನ ಶಾಲೆಯ ಬಾಟಲಿ ಹಿಡಿದು ಎದ್ದು ನಿಂತದ್ದು ಕಣ್ಣಿನ ಅಂಚಿನಲ್ಲಿ ಕಂಡಿತ್ತು. ಮನೆಯವರನ್ನು ಒಳಗೆ ಕೂರಿಸಿದ್ದೇ ತಪ್ಪು, ಹೊಸ ಮ್ಯಾನೇಜರ್ ನೋಡಿದರೆ ಮತ್ತೊಂದು ರಗಳೆ. ಕುಂಡ್ರು ಎಂದ. ತಲೆ ಎತ್ತದೆ, ಮೆಲ್ಲಗೆ. ಅವಳು ಕೂತಳು.

ಎಪ್ಪತ್ತರ ಹೊತ್ತಿಗೆ ಹಾಲಿನ ಕಿಟಕಿಗಳು ಒಂದಕ್ಕೊಂದು ಹತ್ತಿರ ಬಂದವು. ಅಂಗೈ ತಣ್ಣಗಾಗಿತ್ತು, ಬೆವರು ನಿಂತಿತ್ತು. ಬೆವರು ನಿಂತರೆ ತಕ್ಷಣ ಹೇಳಬೇಕು ಎಂದು ಮೂರ್ತಿ ಗೋಡೆಗೆ ಚೀಟಿ ಅಂಟಿಸಿದ್ದರು. ನೀರಿಗೆ ಬಿಟ್ಟಾಗ ಎಲ್ಲ ಗೋಡೆಯ ಕಡೆ ಓಡಿದರೂ ಇಂದುಧರ ಬಾಟಲಿ ಎತ್ತಿ ತುಟಿಗೆ ತಾಕಿಸಿ, ಗಂಟಲು ಆಡಿಸಿ, ಇಳಿಸಿದ್ದ. ಅದೊಂದು ವಿದ್ಯೆ ಅವನಿಗೆ ಚೆನ್ನಾಗಿ ಸಿದ್ಧಿಸಿತ್ತು. ಈಗ ನಾಲಿಗೆ ಅಂಗುಳಿಗೆ ಅಂಟಿಕೊಂಡು ಬಿಡಲೊಲ್ಲದು. ಎಂಬತ್ತು ಎಂದು ಯಾರೋ ಎಣಿಸಿದರು. ಅವನ ಮೊಣಕಾಲು ಅವನನ್ನು ಕೇಳದೆ ನೆಲಕ್ಕೆ ಹೋಯಿತು. ಎರಡೂ ಅಂಗೈ ಊರಿ, ತಲೆ ತಗ್ಗಿಸಿ, ಅಕ್ಷತೆಯ ಕಾಳುಗಳನ್ನು ನೋಡುತ್ತ ಕೂತ. ಅರಿಶಿನ ಹಚ್ಚಿದ್ದವು ಕೆಲವು, ಕುಂಕುಮದವು ಕೆಲವು. ದೂರದಲ್ಲಿ ಮೂರ್ತಿಯ ದನಿ: "ಲಾವಣ್ಯಾ, ಅವರ್ನ ಸ್ವಲ್ಪ ನೋಡಮ್ಮ."

ಯಾರದೋ ಪಾದಗಳು ಬಂದು ಎದುರಿಗೆ ನಿಂತವು. ಮೇಲೆ ಎಲ್ಲೋ ಮುಚ್ಚಳ ತಿರುಗುವ ಸದ್ದು. ನೆತ್ತಿಯ ಮೇಲೆ ಒಂದು ನೆರಳು, ನೆರಳಿನಲ್ಲಿ ನೀರು ಅಲುಗುವ ಗುಳುಗುಳು.

"ತಾಗಂಡಿ."

ಒಂದೇ ಕೈ ಎದ್ದಿತು. ತಡವಾಗಲಿಲ್ಲ. ಇನ್ನೊಂದು ಕೈ ಅದರ ಜೊತೆಗೆ ಬರಲಿಲ್ಲ. ಸೊಂಟದಿಂದ ಹೊರಟು, ಭುಜ ದಾಟಿ, ಮುಂಗೈ ತಿರುಗಿ, ಹತ್ತು ವಾರ ಬಾರದೆ ಇದ್ದದ್ದು ಪೂರ್ತಿ ಬಂತು. ಸ್ಟೀಲು ಯಾವುದಕ್ಕೋ ತಾಗಿದ ಸದ್ದು, ಆಮೇಲೆ ನೆಲಕ್ಕೆ ಬಿದ್ದ ಸದ್ದು. ಬಾಟಲಿ ಉರುಳಿಕೊಂಡು ವೇದಿಕೆಯ ಕೆಳಗೆ ಹೋಯಿತು, ಹಾಲಿನ ತುಂಬ ನೀರು ಹರಿಯಿತು, ಅಕ್ಷತೆ ತೇಲಿತು. ಇಂದುಧರನಿಗೆ ಒಂದು ಕ್ಷಣ, ಒಂದೇ ಕ್ಷಣ, ಮೈಯೆಲ್ಲ ಹಗುರಾಗಿ ಸುಖವಾಯಿತು. ಹೊಡೆದೆ ಎಂದುಕೊಂಡ.

"ಭೇಷ್!" ಮೂರ್ತಿ ಹಾಲಿನ ಆ ತುದಿಯಿಂದ ಚಪ್ಪಾಳೆ ತಟ್ಟಿದರು. "ಎಲ್ರೂ ನೋಡಿ, ಅದು ಬ್ಲಾಕು! ಇಷ್ಟು ದಿನ ಎಲ್ಲಿಟ್ಟಿದ್ರಿ ಸಾರ್ ಇದನ್ನ?" ಮಕ್ಕಳೂ ಚಪ್ಪಾಳೆ ತಟ್ಟಿದವು. ವರುಣ್ ಎಲ್ಲರಿಗಿಂತ ಜೋರಾಗಿ.

ಲಾವಣ್ಯಾ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಬೆರಳುಗಳ ಸಂದಿಯಿಂದ ರಕ್ತ ಇಳಿದು ಬಿಳಿ ತೋಳಿನ ಮೇಲೆ ಬಿತ್ತು. ಬಾಟಲಿಯ ಕಂಠ ಕೆಳತುಟಿಗೆ ಬಡಿದಿತ್ತು. ಅವಳ ಇನ್ನೊಂದು ಕೈಯಲ್ಲಿ ಮುಚ್ಚಳ ಹಾಗೇ ಇತ್ತು. ಅವನು ಏಳಲು ಹೋಗಿ ಏಳಲಾರದೆ ಅವಳ ಕಾಲ ಬಳಿಯೇ ಕೂತ. ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ. ಕಿರಿಯರು ವರಸೆ ಸರಿಯಾಗಿ ಮಾಡಿದರೆ ಹಿರಿಯರು ವಂದಿಸಬೇಕು, ನಿಯಮ. ಲಾವಣ್ಯಾ ಕೈ ಬಾಯಿಂದ ತೆಗೆದು, ಬಗ್ಗಿ ವಂದಿಸಿದಳು. ಬಗ್ಗಿದವಳು ಬಗ್ಗಿಯೇ ಇದ್ದು, ಅವನ ಕಿವಿಯ ಹತ್ತಿರ, ಮನೆಯ ಕನ್ನಡದಲ್ಲಿ, ಮೆಲ್ಲಗೆ ಹೇಳಿದಳು:

"ಯಾರ್ನ ಹೊಡದಿ ಈಗ?"

ಅವನು ಒದ್ದೆ ನೆಲ ನೋಡಿದ.

"ಫೋಟೋ ನೋಡೇನಿ ನಾ, ನಿನ್ನ ಫೋನಿನಾಗ. ನಾಳೆ ವಿಜಯವಾಡಕ್ಕ ಹೊಂಟಿಯಲ್ಲ, ಅವರ ಕಡೀಗೇನು?"

"ನಿನ್ನ ಸಲುವಾಗಿ," ಎಂದ ಇಂದುಧರ. ಸದ್ದು ಬಂತೋ ಇಲ್ಲವೋ. "ನಿನ್ನ ಮುಂದ ನನ್ನ ಮರ್ಯಾದಿ ತಗದ ಆಂವ."

"ಅವತ್ತ ನನಗ ನಾಚಿಕಿ ಆಗಿದ್ದಿಲ್ಲಪಾ," ಎಂದಳು ಲಾವಣ್ಯಾ. ಮಾತಾಡಿದಾಗ ತುಟಿಯಿಂದ ಮತ್ತೆ ರಕ್ತ ಬಂತು, ಅವಳು ಅದನ್ನು ನುಂಗಿದಳು. "ಎರಡ ದಿನ ಮೊದಲ ಆಗಿತ್ತು. ನಾ ಎದ್ದಿದ್ದೆ, ನೀ ಕುಂಡ್ರು ಅಂದಿ. ನಾ ಕುಂತೆ. ನಾನೂ ಕುಂತೆ." ಮುಂಗೈಯಿಂದ ತುಟಿ ಒರೆಸಿಕೊಂಡು, "ಆ ತಾತನ ಹೆಸರ ಏನು, ಗೊತ್ತೈತೇನು?" ಎಂದು ಕೇಳಿದಳು.

ಇಂದುಧರ ಬಾಯಿ ತೆರೆದ. "ಕೃಷ್ಣಚೈತನ್ಯ," ಎಂದ.

"ಅದು ಮಗಂದು."

ಅವಳು ನೆಟ್ಟಗೆ ನಿಂತು, ಸಾಲಿನ ಮೊದಲಿಗೆ ಹೋದಳು. ಪ್ರತ್ಯೂಷಾ ಅನ್ನುವ ಹಸಿರು ಬೆಲ್ಟಿನ ಹುಡುಗಿ ಕರವಸ್ತ್ರ ಕೊಟ್ಟಳು. ಆಗ ಮೂರ್ತಿ ಹತ್ತಿರ ಬಂದು ರಕ್ತ ನೋಡಿ, ಇಂದುಧರನ ಕಡೆ ನೋಡಿ, ಖುಷಿಯನ್ನೆಲ್ಲ ಒಮ್ಮೆಲೇ ಕಳೆದುಕೊಂಡರು. ಲಾವಣ್ಯಾಳ ತುಟಿಯನ್ನು ಬೆರಳಿನಿಂದ ಬಿಡಿಸಿ ನೋಡಿ, ಹಲ್ಲಿಗೇನೂ ಆಗಿಲ್ಲ ಎಂದರು. "ತಿಳೀದೆ ಆಗಿದ್ದು," ಎಂದು ಇಂದುಧರ ಹೇಳಿದ. ಮೂರ್ತಿ ಸಾಲಿನ ಕಡೆ ತಿರುಗಿದರು. ಅವರು ಬಯ್ದಿದ್ದರೆ ಚೆನ್ನಾಗಿತ್ತು. ಮಕ್ಕಳಿಗೆ ಸಾಲಾಗಿ ಮಂಡಿಯೂರಿ ಕೂರಲು ಹೇಳಿದರು, ತರಗತಿ ಮುಗಿಸುವ ಹೊತ್ತಿನ ನೀರಿನ ಹಾಜರಿ. ಒಬ್ಬೊಬ್ಬರೇ ಎಷ್ಟು ಕುಡಿದೆವೆಂದು ಹೇಳಬೇಕು, ಕುಡಿಯದವರು ಅಲ್ಲೇ ಕುಡಿದು ಮುಗಿಸುವ ತನಕ ಯಾರೂ ಏಳುವ ಹಾಗಿಲ್ಲ. ಮುಕ್ಕಾಲು, ಪೂರ್ತಿ, ಅರ್ಧ, ಪೂರ್ತಿ ಎಂದು ದನಿಗಳು ಸಾಲಿನ ಗುಂಟ ಅವನ ಕಡೆ ಬರತೊಡಗಿದವು.

ಹೆಸರು. ಅವನು ಹುಡುಕಿದ. ಪೆನ್ಷನ್ ಚೀಟಿಯ ಮೇಲೆ ಇದ್ದಿರಬೇಕು, ಮುದುಕ ಅದನ್ನು ಒಳಗೆ ತಳ್ಳಿರಲಿಲ್ಲ. ಎದ್ದು ಕೂತ ಮೇಲೆ ಟೋಕನ್ ಕರೆದು ಬೇರೆಯವರು ದುಡ್ಡು ಕೊಟ್ಟಿದ್ದರು. ಆಮೇಲೆ ತಾನು ಕಂಪ್ಯೂಟರಿನಲ್ಲಿ ಮಗನನ್ನು ಹುಡುಕಿದ್ದು; ಮಗನ ಹುಟ್ಟಿದ ದಿನ ನೋಡಿದ್ದು, ಮಗನ ತಾಯಿಯ ಹೆಸರು ನೋಡಿದ್ದು, ಸಾಯಿಲಕ್ಷ್ಮಿ. ಅದೇ ಪರದೆಯಲ್ಲಿ ತಂದೆಯ ಹೆಸರಿನ ಸಾಲೂ ಇರುತ್ತದೆ, ತಾಯಿಯ ಹೆಸರಿನ ಮೇಲೆಯೇ. ಸಾವಿರಾರು ಖಾತೆ ತೆರೆದವನಿಗೆ ಅದು ಗೊತ್ತಿಲ್ಲವೇ? ಆ ಸಾಲನ್ನು ಕಣ್ಣು ದಾಟಿಹೋಗಿತ್ತು. ಹತ್ತು ವಾರ, ಎರಡೆರಡು ನಿಮಿಷ, ಮಗನ ಮುಖವನ್ನು ಎಷ್ಟು ಶ್ರದ್ಧೆಯಿಂದ ನೋಡಿದೆನಲ್ಲ ಎಂದುಕೊಂಡಾಗ ತನ್ನ ಮೇಲೆ ಅಸಹ್ಯವಾಯಿತು. ಹೇಳಿಕೊಳ್ಳಲು ವಾದವೇನೂ ಉಳಿದಿರಲಿಲ್ಲ. ಮುದುಕ ಸತ್ತಿರಲಿಲ್ಲ ಅನ್ನುವುದೊಂದು ಇತ್ತು, ಅದನ್ನು ಹೇಳಿ ನೋಡಿದ, ಬಾಯಲ್ಲಿ ಒಣಗಿಹೋಯಿತು.

"ತಮ್ಮದು ಸಾರ್?" ಮೂರ್ತಿ ಎದುರಿಗಿದ್ದರು.

"ಕುಡಿದಿಲ್ಲ."

"ಇವತ್ತು?"

"ಒಂದ ದಿನಾನೂ ಕುಡಿದಿಲ್ರಿ."

ಸಾಲಿನಲ್ಲಿ ಯಾರೂ ನಗಲಿಲ್ಲ. ಮೂರ್ತಿ ವೇದಿಕೆಯ ಕೆಳಗೆ ಬಗ್ಗಿ ಬಾಟಲಿ ತೆಗೆದುಕೊಂಡು, ಹಿಂದಿನ ನಲ್ಲಿಯಲ್ಲಿ ಹಿಡಿಯಲು ಹೋಗಿ, ಬೇಡವೆಂದು ಬಿಟ್ಟು, ಇತರರ ಬಾಟಲಿಗಳಲ್ಲಿ ಉಳಿದದ್ದನ್ನು ಸ್ವಲ್ಪ ಸ್ವಲ್ಪ ಬಗ್ಗಿಸಿದರು. ವರುಣನದರಿಂದ ಸ್ವಲ್ಪ, ಪ್ರತ್ಯೂಷಾಳದರಿಂದ ಸ್ವಲ್ಪ, ಲಾವಣ್ಯಾಳದರಿಂದ ಉಳಿದದ್ದಷ್ಟೂ. ಬಾಟಲಿ ತುಂಬಿತು. ಕಂಠದಲ್ಲಿ ಒಂದು ಕೆಂಪು ಗೆರೆ ಇನ್ನೂ ಇತ್ತು, ಒರೆಸಲು ಯಾರಿಗೂ ಹೊಳೆಯಲಿಲ್ಲ. "ಎಲ್ರೂ ಕಾಯ್ತಾರೆ, ಕುಡೀರಿ," ಎಂದರು.

ಇಂದುಧರ ಎತ್ತಿದ. ಮೊದಲನೇ ಗುಟುಕು ಗಂಟಲಿನಲ್ಲಿ ನಿಂತು ವಾಪಸ್ಸು ಬಂತು, ಗಲ್ಲದ ಮೇಲಿಂದ ಕುತ್ತಿಗೆಗೆ ಇಳಿದು ಎದೆಯೆಲ್ಲ ಒದ್ದೆಯಾಯಿತು. ಕೆಮ್ಮಿದ. ಮತ್ತೆ ಎತ್ತಿದ. ಗುಳುಗುಳು ಸದ್ದು ತನ್ನ ತಲೆಯೊಳಗೇ ಆಗುತ್ತಿತ್ತು. ಅಂಗಿ ಮೈಗೆ ಅಂಟಿಕೊಂಡಿತು, ಆ ಬಾಗಿಲಿನಲ್ಲಿ ಅಂಟಿಕೊಂಡಿದ್ದಷ್ಟೇ, ಮತ್ತೆ ಹದಿನಾರು ಜನ ನೋಡುತ್ತಿದ್ದರು. ನಾಳೆಯ ರೈಲು ಐದೂವರೆಗೆ. ಹೋಗುವುದು ತಪ್ಪುವುದಿಲ್ಲ, ಟ್ರೇನಿಂಗು. ಆ ಅಂಗಡಿಯ ಮೆಟ್ಟಿಲು ಹತ್ತುವುದೂ ಇನ್ನು ತಪ್ಪುವುದಿಲ್ಲ. ಹತ್ತಿ, ಕೃಷ್ಣಚೈತನ್ಯ ಗುರುತು ಹಿಡಿಯುವ ತನಕ ಕಾದು, ನಿಮ್ಮ ತಂದೆಯ ಹೆಸರೇನು ಎಂದು ಕೇಳಬೇಕು. ಅವನು ಅಲ್ಲೇ ಕಪಾಳಕ್ಕೆ ಬಾರಿಸಬಹುದು. ಕೈ ಎತ್ತಿ ತಡೆಯುವ ವಿದ್ಯೆ ಈಗ ಬರುತ್ತದೆ, ತಡೆಯುವ ಹಾಗಿಲ್ಲ.

ಅರ್ಧ ಆಗಿತ್ತು. ನಿಲ್ಲಿಸಿ ಸಾಲಿನ ಮೊದಲ ಕಡೆ ನೋಡಿದ. ಕರವಸ್ತ್ರವನ್ನು ತುಟಿಗೆ ಒತ್ತಿಕೊಂಡು ಲಾವಣ್ಯಾ ತಿರುಗಿ ಕೂತಿದ್ದಳು. ಗೋಡೆಯನ್ನಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು, ಏಪ್ರಿಲಿನಿಂದ ಇದೇ ಮೊದಲು. ಆ ನೋಟದಲ್ಲಿ ಅವನು ಬಯಸಿದ್ದು ಏನೂ ಇರಲಿಲ್ಲ.

"ಪೂರಾ," ಎಂದಳು.

ಇಂದುಧರ ಬಾಟಲಿಯನ್ನು ಮತ್ತೆ ಬಾಯಿಗೆ ಎತ್ತಿದ.